ಎರಡು ಬೆರಳಿನ ಸೋಲೋ

ಒಂದು ಬೆಳಗ್ಗೆ ಎದ್ದಾಗ ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಮರಗಟ್ಟಿದ್ದವು. ಕೈ ಮಡಚಿ ಮಲಗಿದ್ದಕ್ಕಿರಬೇಕು ಅಂದುಕೊಂಡೆ. ವಾರ ಕಳೆದರೂ ಸರಿಹೋಗಲಿಲ್ಲ. ಮೊಣಕೈ ಹತ್ತಿರ ನರ ಒತ್ತಿಕೊಂಡಿದೆ ಎಂದರು ಬಂಗಾರಪೇಟೆಯ ಡಾಕ್ಟರು. ಪೂರ್ತಿ ವಾಸಿಯಾಗುತ್ತದಾ ಎಂದು ಕೇಳಿದರೆ, ಕಾದು ನೋಡೋಣ ಎಂದಷ್ಟೇ ಹೇಳಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಆ ಬೆರಳುಗಳನ್ನು ತಿಕ್ಕುತ್ತಲೇ ಇದ್ದಳು. ಅವಳ ಕೈಯ ಬಿಸಿ ನನಗೆ ತಾಕುತ್ತಿರಲಿಲ್ಲ.

ನಾನು ಕೆಜಿಎಫ್‌ನ ಕಾರ್ಖಾನೆಯೊಂದರ ನೌಕರ. ಸಂಜೆ ಹೊತ್ತು ಗಿಟಾರ್ ನುಡಿಸುವವನು. ಸ್ಟಾಫ್ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಮೇಜರ್ ಬ್ಲೂಸ್ ಶೈಲಿಯ ಒಂದು ಮಟ್ಟು ನುಡಿಸುವುದಾಗಿ ನಮ್ಮ ಬ್ಯಾಂಡ್ ಮೊದಲೇ ಒಪ್ಪಿಕೊಂಡಿತ್ತು. ನಡುವೆ ಒಬ್ಬನೇ ನುಡಿಸುವ ಸೋಲೋ ನನ್ನದು. ಬೆರಳು ಹೀಗಾದ ಮೇಲೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದೆ. ಬೇಸ್ ಗಿಟಾರ್ ನುಡಿಸುವ ಗೆಳೆಯ ಕೇಳಲಿಲ್ಲ. ಕೆಜಿಎಫ್‌ನಲ್ಲೇ ಇರುವ ಕೋರಮಂಡಲ್ ಬಡಾವಣೆಯ ತನ್ನ ಮನೆಗೆ ಕರೆಸಿ ಗಿಟಾರ್ ಕೈಗಿಟ್ಟ.

ಮೊದಲೆಲ್ಲ ನಾನು ಸ್ಕೇಲ್, ಅಂದರೆ ಸ್ವರಗಳ ಸಾಲು, ಆರಿಸುತ್ತಲೇ ಇರಲಿಲ್ಲ. ಮೈನರ್ ಪೆಂಟಟಾನಿಕ್ಕಿನ ಐದು ಸ್ವರಗಳ ಮೇಲೆ ಓಡುತ್ತಿದ್ದೆ. ತಪ್ಪುಗಳು ಆ ಓಟದಲ್ಲಿ ಮುಚ್ಚಿಹೋಗುತ್ತಿದ್ದವು. ಈಗ ಉಳಿದ ತೋರುಬೆರಳು, ನಡುಬೆರಳು ಎರಡಕ್ಕೇ ಓಡುವುದು ಆಗದು. ಎ ಕಾರ್ಡ್ ಎಂಬ ಸ್ವರಗುಚ್ಛದ ಮೇಲೆ ನಿಧಾನವಾಗಿ ಇನ್ನೊಂದು ಸಾಲು, ಮೇಜರ್ ಪೆಂಟಟಾನಿಕ್, ಹಿಡಿದೆ. ಅದರ ಸಿ ಶಾರ್ಪ್ ಹಿತವಾಗಿ ಕೂತಿತು. ಆದರೆ ಕಾರ್ಡ್ ಡಿಗೆ ಹೊರಳಿದ ಕೂಡಲೇ ಅದೇ ಸ್ವರ ಕಿವಿಗೆ ಚುಚ್ಚುತ್ತದೆ. ಅಲ್ಲಿ ಫ್ರೆಟ್ ಪಟ್ಟಿಯಲ್ಲಿ ಒಂದು ಮನೆ ಕೆಳಗಿಳಿದು ಸಿ ಒತ್ತಬೇಕು, ಅಂದರೆ ಹಳೆಯ ಮೈನರ್ ಸಾಲಿಗೆ ದಾಟಬೇಕು. ಆ ಜಾಗ ಹತ್ತಿರವಾದಾಗಲೆಲ್ಲ ತಡವರಿಸುತ್ತಿದ್ದೆ.

"ಡಿ ಬಂದಾಗ ಒಂದೇ ಸ್ವರ ಇಡಿ ಅಣ್ಣಾ, ಸಾಕು," ಎಂದ ಗೆಳೆಯ. "ನಾನು ಕಾಯ್ತೀನಿ."

ವಾರ್ಷಿಕೋತ್ಸವದ ದಿನ ಕ್ಲಬ್ಬಿನಲ್ಲಿ ಕಾರ್ಡುಗಳ ಮೊದಲ ಸುತ್ತಿಗೇ ತಪ್ಪಿದೆ. ಡಿ ಬಂದರೂ ತೋರುಬೆರಳು ಸಿ ಶಾರ್ಪ್ ಬಿಟ್ಟು ಕದಲಲಿಲ್ಲ. ಅಪಸ್ವರದ ನಾಚಿಕೆ ಆಮೇಲಿನದು. ಇದೂ ಮರಗಟ್ಟಿತೇ ಎಂದು ಬೆನ್ನೆಲ್ಲ ಬೆವರಿತು. ಕೈ ತೆಗೆದುಬಿಟ್ಟೆ. ಬೇಸು, ಡ್ರಮ್ಮು ಮಾತ್ರ ನಡೆದವು. ಗೆಳೆಯ ನನ್ನತ್ತ ನೋಡುತ್ತಲೇ ಸುತ್ತು ಮುಗಿಸಿ ಮತ್ತೆ ಎ ಕಾರ್ಡಿಗೆ ಬಂದ. ಬೆರಳು ಅಲ್ಲಾಡಿಸಿದೆ, ಅಲ್ಲಾಡಿತು. ಶುರುಮಾಡಿದೆ. ಈ ಸಲ ಡಿ ಬಂದಾಗ ಸಿ ಒಂದನ್ನೇ ಒತ್ತಿ, ಕಾರ್ಡ್ ಬದಲಾಗುವ ತನಕ ಬಿಡಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಜನರ ನಡುವೆ ಕೂತಿದ್ದ ಹೆಂಡತಿ ಹೊರಗೆ ಬಂದ ಮೇಲೆ ತನ್ನ ಬೂದಿಕೋಟೆ ಮಾತಿನಲ್ಲಿ, "ನಡುವೆ ಯಾಕೆ ನಿಲ್ಸುದ್ರಿ?" ಎಂದಳು.

ಭಯವಾಯಿತು ಎಂದೆ.

"ನಂಗೂ ಆಯ್ತು. ಎದ್ದು ಬರೋಳಿದ್ದೆ."

ಉಂಗುರದ ಬೆರಳಿಗೆ ಈಗ ಸ್ವಲ್ಪ ಜೀವ ಬಂದಿದೆ. ಕಿರುಬೆರಳಿಗೆ ಇನ್ನೂ ಇಲ್ಲ. ಈಗಲೂ ಬೆಳಗ್ಗೆ ಕಣ್ಣು ಬಿಡುವ ಮೊದಲು ಹೊದಿಕೆಯೊಳಗೇ ಎರಡೂ ಕೈಯ ಬೆರಳುಗಳನ್ನು ಮಡಚಿ ನೋಡಿಕೊಳ್ಳುತ್ತೇನೆ.