ಎಂಟಕ್ಕೆ ಇನ್ನೆರಡು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತಿದ್ದೆ. ಕೂಡುವ ಲೆಕ್ಕವನ್ನು ಬೆರಳಿನ ಗೆಣ್ಣುಗಳ ಮೇಲೆ ಕಲಿಸುತ್ತಿದ್ದೆ. ಎಂಟಕ್ಕೆ ಐದು ಕೂಡಬೇಕೆಂದರೆ ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು, ಕಿರುಬೆರಳಿನಿಂದ ಹೆಬ್ಬೆರಳನ್ನು ಒಂದೊಂದೇ ಗೆಣ್ಣು ಸರಿಸುತ್ತ ಒಂಬತ್ತು, ಹತ್ತು ಎಂದು ಎಣಿಸಬೇಕು. ಬೆರಳಿಗೆ ಮೂರು ಗೆಣ್ಣು. ಐದನೆಯದು ಉಂಗುರ ಬೆರಳಿನ ನಡುವಿನದು, ಅಲ್ಲಿ ಹದಿಮೂರು. ನನ್ನ ತಾಯಿ ನನಗೆ ಕಲಿಸಿದ್ದು ಹಾಗೆ.

ಆ ವರ್ಷ ತಾಯಿಯ ಜೊತೆ ಮೂರು ವಾರ ತುಮಕೂರಿನ ಆಸ್ಪತ್ರೆಯಲ್ಲಿರಬೇಕಾಯಿತು. ಕುಣಿಗಲ್ಲಿನಿಂದ ವರ್ಗವಾಗಿ ಬಂದಿದ್ದ ಎರಡನೇ ತರಗತಿಯ ಟೀಚರ್ ನನ್ನ ತರಗತಿಯನ್ನೂ ನೋಡಿಕೊಂಡರು. ನನಗಿಂತ ಚಿಕ್ಕ ವಯಸ್ಸಿನವರು.

ನಾನು ಮರಳಿ ಬಂದ ದಿನ ಮಕ್ಕಳು ಆ ಟೀಚರ್ ಹೇಳಿಕೊಟ್ಟಂತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಬರೆದು, ಹುಣಸೆ ಬೀಜ ಇಡುತ್ತಿದ್ದರು.

"ಎಂಟಕ್ಕೆ ಇನ್ನೆರಡು ಬೇಕು ಕಣೇ, ಐದರತ್ರ ಇಸ್ಕೋ."

"ಐದು ಪಾಪ ಕಣೇ, ಮೂರೇ ಉಳೀತದೆ!"

"ಉಳೀಲಿ ಬುಡು. ಹತ್ತು ತುಂಬ್ತಲ್ಲ. ಹತ್ತು, ಮೂರು, ಹದಿಮೂರು!"

ಕೊನೆಯ ಮಾತು ಟ್ರಂಕು ಮಾಡುವವರ ಮಗಳದು. ದಿನವೂ ಗೇಟಿನ ಬಳಿ ಕಾದು ನನ್ನ ಕೊಡೆ ಹಿಡಿದು ಬರುತ್ತಿದ್ದ ಹುಡುಗಿ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ತಿರುಗಿಯೂ ನೋಡಲಿಲ್ಲ.

ಒದ್ದೆ ಬಟ್ಟೆ ತಂದು ಆ ಮನೆಗಳನ್ನು ನಾನೇ ಒರೆಸಿದೆ. "ನನ್ ಕ್ಲಾಸಲ್ಲಿ ಗೆಣ್ಣೇ ಎಣಿಸ್ಬೇಕು, ತಿಳೀತಾ?" ಎಂದೆ. ಆ ಟೀಚರ್‌ಗೆ ಮಾತ್ರ, "ಬೀಜ ಮೂಗಿಗೆ ಹಾಕ್ಕೋತಾರೆ ಕಣಮ್ಮ" ಎಂದೆ.

"ಹೌದಲ್ವಾ ಮೇಡಂ, ನಂಗೆ ಹೊಳೀಲೇ ಇಲ್ಲ" ಎಂದು ಅವರು ಬೀಜಗಳನ್ನೆಲ್ಲ ಸೆರಗಿಗೆ ತುಂಬಿಕೊಂಡರು. ಅವರು ಎದುರು ಮಾತಾಡಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ನಾಲ್ಕೈದು ದಿನಗಳ ಮೇಲೆ ಆ ಹುಡುಗಿಯನ್ನು ಎಬ್ಬಿಸಿ ಅದೇ ಲೆಕ್ಕ ಕೇಳಿದೆ. ಎಂಟಕ್ಕೆ ಐದು. ಅವಳು ಕೈ ಎತ್ತಿ ಹಿಡಿದಳು. ತುಟಿ ಅಲುಗುತ್ತಿತ್ತು, ಹೆಬ್ಬೆರಳು ಸರಿಯುತ್ತಿತ್ತು.

"ಹದಿಮೂರು ಟೀಚರ್."

ಉತ್ತರ ಸರಿ. ಆದರೆ ಹೆಬ್ಬೆರಳು ಇನ್ನೂ ಕಿರುಬೆರಳಿನ ಎರಡನೆಯ ಗೆಣ್ಣಿನ ಮೇಲಿತ್ತು. ಅಲ್ಲಿ ಹತ್ತೇ ಆಗುವುದು.

"ಬೆರಳೆಲ್ಲಿದೆ ನೋಡ್ಕೊಳ್ಳೇ" ಎಂದೆ.

ನೋಡಿಕೊಂಡಳು. ಹೆಬ್ಬೆರಳನ್ನು ಮೆಲ್ಲಗೆ ಉಂಗುರ ಬೆರಳಿನ ನಡುವಿಗೆ ಒಯ್ದು ಇಟ್ಟಳು. "ಇಲ್ಲಿ ಟೀಚರ್" ಎಂದು ನನ್ನ ಮುಖ ನೋಡಿದಳು. ಜೊತೆಗೇ ಎಣಿಸುತ್ತಿದ್ದ ಉಳಿದವರ ಕೈಗಳನ್ನೂ ನೋಡಿದೆ. ಎಷ್ಟೋ ಹೆಬ್ಬೆರಳುಗಳು ಎಲ್ಲೆಲ್ಲೋ ಇದ್ದವು. ಆರು ವರ್ಷದ ಮಕ್ಕಳು ನನಗೋಸ್ಕರ ಎಣಿಸುವಂತೆ ನಟಿಸುತ್ತಿದ್ದರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ.

ಮಾರನೆಯ ದಿನ ಆ ಟೀಚರ್ ಬಳಿ ಹೋಗಿ, "ಲೆಕ್ಕದ ಪಿರಿಯಡ್ ನೀವೇ ತಗೊಳ್ಳಿ, ನಿಮ್ಮೋರಿಗೆ ನಾನು ಕನ್ನಡ ಮಾಡ್ತೀನಿ" ಎಂದೆ.

ಎರಡು ಕೊಠಡಿಗಳ ನಡುವೆ ಒಂದೇ ಗೋಡೆ. ಆಚೆ ನಗು ಎದ್ದಾಗಲೆಲ್ಲ, ಈಚೆ ನಾನು ಪಾಠವನ್ನು ಇನ್ನಷ್ಟು ಜೋರಾಗಿ ಓದುತ್ತಿದ್ದೆ.