ಸಕ್ಕರೆ ಕದ್ದ ಗಂಟು

ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಕೈ ಪಳಗಿದ್ದ ಟೈಲರಕ್ಕ, ಒಂದು ಬೆಳಿಗ್ಗೆ ಸಮವಸ್ತ್ರದ ಅಂಗಿಗೆ ಎರಡೂ ತೋಳನ್ನು ಒಂದೇ ಕಡೆ ಹೊಲಿದಿಟ್ಟಳು. ಗಿರಾಕಿ ಕೇಳಿದ್ದಕ್ಕೆ ತಲೆಬುಡವಿಲ್ಲದ ಮಾತಾಡಿದಳು. ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅವಳ ತಮ್ಮ ಓಡಿಬಂದು ಸಿಹಿಯಾದ ಟೀ ಕುಡಿಸಿದ. ಲೋಟ ಖಾಲಿಯಾಗುವಷ್ಟರಲ್ಲಿ ಅಕ್ಕ ನೆಟ್ಟಗಾಗಿ, "ಇದನ್ನ ಹೀಗೆ ಹೊಲಿದೋರು ಯಾರೋ?" ಎಂದಳು.

ವಾರಕ್ಕೆರಡು ಸಲ ಹೀಗಾಗತೊಡಗಿತು. ಹೊಟ್ಟೆ ಖಾಲಿಯಾದಾಗಲೇ ಆಗುತ್ತಿದ್ದುದರಿಂದ ಅವಳು ಗಳಿಗೆಗೊಮ್ಮೆ ಬಾಯಾಡಿಸುತ್ತ ಎಂಟು ಕಿಲೋ ದಪ್ಪಗಾದಳು. ಊರಿಗೆಲ್ಲ ಅಳತೆ ಹಿಡಿಯುವವಳು ತನ್ನ ಬಟ್ಟೆಯ ಹೊಲಿಗೆಯನ್ನೇ ಎರಡು ಸಲ ಬಿಚ್ಚಿ ಸಡಿಲಿಸಿಕೊಂಡಳು.

ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅವಳನ್ನು ಅಲ್ಲೇ ಉಪವಾಸವಿಟ್ಟು ನೋಡಿದರು. ಎಪ್ಪತ್ತರ ಮೇಲಿರಬೇಕಾದ ರಕ್ತದ ಸಕ್ಕರೆ ಮಧ್ಯಾಹ್ನದೊಳಗೆ ನಲವತ್ತಕ್ಕೆ ಕುಸಿಯಿತು. ಸಕ್ಕರೆ ಇಳಿಸುವ ಇನ್ಸುಲಿನ್ ಆಗ ತಾನೂ ತಗ್ಗಬೇಕಿತ್ತು, ಅದು ಮಾತ್ರ ಜಗ್ಗಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಅಪರೂಪದ ಗಂಟೊಂದು ಕೂತು ಬೇಕಾಬಿಟ್ಟಿ ಇನ್ಸುಲಿನ್ ಸುರಿಯುತ್ತಿದೆ ಎಂದರು. ಆದರೆ ಎಲ್ಲಿ ಕೂತಿದೆ? ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಕೂಡ ಕೈಚೆಲ್ಲಿತು.

ಅಷ್ಟರಲ್ಲಿ ತಮ್ಮ, ಮೊಬೈಲ್‌ನಲ್ಲಿ ಓದಿ ಅರ್ಧ ವೈದ್ಯನಾಗಿದ್ದ. ವಿಕಿರಣದ ಔಷಧ ಚುಚ್ಚಿ ಇಡೀ ಮೈ ಚಿತ್ರ ತೆಗೆಯುವ ಸ್ಕ್ಯಾನ್ ಒಂದಿದೆಯಂತೆ, ಹಾರ್ಮೋನಿನ ಗಂಟುಗಳು ಅದರಲ್ಲಿ ದೀಪದಂತೆ ಹೊಳೆಯುತ್ತವಂತೆ, ಎಲ್ಲಕ್ಕಿಂತ ದೊಡ್ಡದು ಅದೇ, ಅದನ್ನೇ ಮಾಡಿ ಎಂದು ಪಟ್ಟು ಹಿಡಿದ.

ಡಾಕ್ಟರಮ್ಮ ಬೇಸರಿಸಿಕೊಳ್ಳಲಿಲ್ಲ. ಈ ಜಾತಿಯ ಬಹುಪಾಲು ಗಂಟುಗಳು ಆ ಔಷಧವನ್ನು ಹಿಡಿದುಕೊಂಡು ಹೊಳೆಯುವುದು ನಿಜ. ಆದರೆ ಇನ್ಸುಲಿನ್ ಸುರಿಸುವ ಗಂಟುಗಳು ಎಷ್ಟೋ ಸಲ ಹಿಡಿದುಕೊಳ್ಳುವುದಿಲ್ಲ ಎಂದು ಬಿಡಿಸಿ ಹೇಳಿದರು. "ಆ ಸ್ಕ್ಯಾನ್‌ನಲ್ಲಿ ಕಾಣಲಿಲ್ಲ ಅಂದ್ರೆ ಗಂಟು ಇಲ್ಲ ಅಂತಲ್ಲಪ್ಪ. ಇಂಥದ್ದನ್ನ ಹತ್ತಿರ ಹೋಗಿ ನೋಡ್ಬೇಕು." ಬಾಯಿಂದ ಹೊಟ್ಟೆಗೆ ತೆಳ್ಳನೆಯ ಕೊಳವೆ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಿಂದ ಪಕ್ಕದ ಗ್ರಂಥಿಯನ್ನು ನೋಡುವುದು ಅವರ ಯೋಚನೆ.

ತಮ್ಮನ ಮುಖ ಸಪ್ಪಗಾಯಿತು. ಅಕ್ಕ ಅವನ ಮೊಣಕೈ ತಿವಿದಳು. "ಸುಮ್ನಿರೋ. ಸೂಜಿ ಬಿದ್ರೆ ಮಹಡಿ ಮೇಲೆ ನಿಂತು ಹುಡುಕ್ತೀವಾ? ಬಗ್ಗಿ ಹುಡುಕ್ತೀವಿ."

ನಿದ್ದೆಯ ಮದ್ದು ಕೊಟ್ಟು ಕೊಳವೆ ಇಳಿಸಿದರು. ಅರ್ಧ ಗಂಟೆಯಲ್ಲಿ ಗ್ರಂಥಿಯ ಬಾಲದ ಕಡೆ ಅಂಗಿಗುಂಡಿಯಷ್ಟು ಕಪ್ಪು ಉಂಡೆ ಸಿಕ್ಕಿತು. ತಮ್ಮ ಆ ಚಿತ್ರವನ್ನು ತನ್ನ ಅಂಗಡಿಗೊಯ್ದು ದೊಡ್ಡದು ಮಾಡಿ ನಾಲ್ಕು ಪ್ರತಿ ತೆಗೆದು, ಬಂದವರಿಗೆಲ್ಲ ತಾನೇ ಹುಡುಕಿದವನಂತೆ ತೋರಿಸಿದ.

ಶಸ್ತ್ರಚಿಕಿತ್ಸೆಯಲ್ಲಿ ಗಂಟನ್ನಷ್ಟೇ ಬಿಡಿಸಿ ತೆಗೆದರು. ಸ್ವಲ್ಪ ಹೊತ್ತಿಗೇ ಸಕ್ಕರೆ ತಾನಾಗಿ ಏರತೊಡಗಿತು. ವಾರದ ಮೇಲೊಂದು ಬೆಳಿಗ್ಗೆ, ಹನ್ನೆರಡು ತಾಸು ಏನೂ ತಿನ್ನದೆ ಮಲಗೆದ್ದ ಅಕ್ಕನ ತಲೆ ತಿಳಿಯಾಗಿತ್ತು. ಹಾಸಿಗೆಯ ಸುತ್ತಲಿನ ಪರದೆಯ ಅಂಚು ಬಿಚ್ಚಿಹೋಗಿದ್ದನ್ನು ಕಂಡು ನರ್ಸಮ್ಮನ ಹತ್ತಿರ ಸೂಜಿ-ದಾರ ಕೇಳಿದಳು.

"ಮೊದ್ಲು ತಿಂಡಿ ತಿನ್ನಿ, ಆಮೇಲೆ ನೋಡೋಣ" ಎಂದರು ಅವರು.