ಮೂರು ಮುಳ್ಳು ನೆಟ್ಟಗೆ

ನೋಲಾ ಟ್ರೆಝೈಸ್ ಆ ಮೀಟರುಗಳ ಸುದ್ದಿಯನ್ನು ಮೊದಲ ಸಲ ಕೇಳಿದ್ದು ಪೋರ್ಟ್ ಕ್ಯಾರೋದ ಬೌಲ್ಸ್ ಕ್ಲಬ್ಬಿಗೆ ಎಪ್ಪತ್ತೈದು ತುಂಬಿದ ದಿನ. ಸದಸ್ಯರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಆಗಿದ್ದರಿಂದ, ಕೇಕಿನ ಮೇಲಿನ 75 ಯಾರದೆಂದು ಒಂದಿಬ್ಬರು ಕೇಳಿಯೂ ಕೇಳಿದರು. ಕೇಕು ಮಾಡಿದವಳು ನೋಲಾ. ಅವಳ ಗಂಡ ಎರ್ನ್ ಇದೇ ಕ್ಲಬ್ಬಿನ ಚೆಂಡು ಉರುಳಿಸುವ ಹುಲ್ಲಿನ ಅಂಚಿನಲ್ಲಿ, ತನ್ನ ಸರದಿಗೆ ಕಾಯುತ್ತ ಕುರ್ಚಿಯಲ್ಲೇ ಸತ್ತು ಮೂರು ವರ್ಷವಾಗಿತ್ತು. ಆಟ ಮುಗಿಯುವ ತನಕ ಯಾರೂ ಗಮನಿಸಿರಲಿಲ್ಲ. ಬದುಕಿದ್ದಾಗಲೂ ಅವನು ಆಡುತ್ತಿದ್ದದ್ದು ಸುಮಾರು ಹಾಗೆಯೇ.

ಭಾಷಣಕ್ಕೆ ಎದ್ದವನು ಡಡ್ಲಿ ಹಾಕಿಂಗ್. ಕೆಲಸದಿಂದ ನಿವೃತ್ತರಾದ ಗಂಡಸರು ಹೆಂಡಂದಿರ ಕಾಲಿಗೆ ತೊಡರದೆ ಇರಲೆಂದು ಹಳೆಯ ಉಣ್ಣೆ ಗೋದಾಮಿನಲ್ಲಿ ಊರವರು ಒಂದು ಶೆಡ್ಡು ಮಾಡಿಕೊಟ್ಟಿದ್ದರು. ಡಡ್ಲಿ ಅದರ ಅಧ್ಯಕ್ಷ. ಊರೆಲ್ಲ ಸೇರಿ ಒಂದು ಕಾರು ಕಟ್ಟುತ್ತಿದ್ದೇವೆ, ಮಾರ್ಚಿನಲ್ಲಿ ಬಡಗಣ ಒಣಗಿದ ಉಪ್ಪಿನ ಕೆರೆಯ ಮೇಲೆ ಅದನ್ನು ಎಷ್ಟು ಓಡುತ್ತದೋ ಅಷ್ಟು ಓಡಿಸುತ್ತೇವೆ ಎಂದು ಸಾರಿದ. ದೋಣಿ ಕಟ್ಟುವವನು ಅದರ ಮೈ ಮಾಡಿದ್ದ. ಗುದ್ದಿಸಿಕೊಂಡ ಯಾರದೋ ಗಾಡಿಯಿಂದ ಇಂಜಿನ್ನು ಬಂದಿತ್ತು. ತಗಡಿನ ಎರಡು ಹೋಳನ್ನು ಬೆನ್ನ ಮೇಲೆ ಸೇರಿಸಿದ ಕಡೆ ಅಂಚು ಕರ್ಜಿಕಾಯಿಯ ಹಾಗೆ ಹೊಸೆದುಕೊಂಡಿತ್ತಾಗಿ, ಅಜ್ಜಿಯಂದಿರ ಕಾಲದಿಂದ ಊರು ತಿನ್ನುತ್ತಿದ್ದ ಮಾಂಸ ಆಲೂಗಡ್ಡೆ ತುಂಬಿದ ಪಾಸ್ಟಿ ಕಡುಬಿನ ಹೆಸರನ್ನೇ ಕಾರಿಗೂ ಇಟ್ಟಿದ್ದರು. ಮೀಟರುಗಳನ್ನು ಮಾತ್ರ ಕ್ಲೆಮ್ ಪಾಸ್ಕೋ ಸ್ವಂತ ಕೈಯಿಂದ ಮಾಡುತ್ತಾನೆ ಎಂದ ಡಡ್ಲಿ. ಆಗದೇ ಹೋದರೆ ಅಡಿಲೇಡಿನಿಂದ ಒಂದು ಕಂಪ್ಯೂಟರ್ ಪರದೆ ತರಿಸಿ ಅಂಟಿಸುವುದು, ಎಲ್ಲ ಅದರಲ್ಲೇ ಕಾಣುತ್ತದೆ ಎಂದೂ ಸೇರಿಸಿದ, ಕ್ಲೆಮ್‌ನ ಕಡೆಗೆ ನೋಡದೆ.

ಕ್ಲೆಮ್ ನಲವತ್ತು ವರ್ಷ ಗೋಧಿ ಕಣಜದ ತಕ್ಕಡಿ, ಮೀನು ದೋಣಿಗಳ ಮೀಟರು, ಚರ್ಚಿನ ಗಡಿಯಾರ ಎಲ್ಲವನ್ನೂ ರಿಪೇರಿ ಮಾಡಿದವನು. ಊರಲ್ಲಿ ಅವನಿಗೆ ಸ್ನೇಹಿತರಿರಲಿಲ್ಲ. ಕಟುಕನ ತಕ್ಕಡಿ ಸುಳ್ಳು ಹೇಳುತ್ತದೆಂದು ಅಂಗಡಿ ತುಂಬ ಜನರಿದ್ದಾಗ ಹೇಳಿದ್ದ. ಪಾದ್ರಿಯ ಪ್ರವಚನ ನಲವತ್ತು ನಿಮಿಷವೆಂದು ಪಾದ್ರಿಗೇ ಲೆಕ್ಕ ಒಪ್ಪಿಸಿದ್ದ. ಹೆಂಡತಿ ಧೂಳೆಳೆಯುವ ಮಿಶಿನ್ನು ಮಾರಲು ಬಂದವನೊಡನೆ ಹೊರಟುಹೋದಾಗ, ಮಿಶಿನ್ನೇನೋ ಚೆನ್ನಾಗಿತ್ತು ಎಂದಷ್ಟೇ ಹೇಳಿದ್ದನಂತೆ. ಈಚೆಗೆ ಎರಡೂ ಕೈಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಅದೂ ಸೊಕ್ಕೇ ಎಂದು ಊರು ತೀರ್ಮಾನಿಸಿತ್ತು.

ಭಾಷಣ ಮುಗಿದಾಗ ಅವನು ಕೇಕಿನ ಮುಂದೆ ನಿಂತಿದ್ದ. ತಿನ್ನಲಿಕ್ಕಲ್ಲ. ಬಗ್ಗಿ, ಮೂಗು ಸಕ್ಕರೆಗೆ ತಾಗುವಷ್ಟು ಹತ್ತಿರದಿಂದ, ಆ ಏಳನ್ನೂ ಐದನ್ನೂ ನೋಡುತ್ತಿದ್ದ.

"ಈ ಏಳು ಯಾರು ಬರ್ದಿದ್ದು?"

ತಾನೇ ಎಂದಳು ನೋಲಾ. ಅಚ್ಚು ಇಟ್ಟು ಬರೆದದ್ದೋ ಎಂದು ಕೇಳಿದ. ಇಲ್ಲ, ಕೈಯಲ್ಲೇ ಎಂದಳು. ಹೂಂ ಎಂದು ಹೊರಟುಹೋದ. ಒಂದು ತುಂಡೂ ತಿನ್ನದೆ ಹೋದನಲ್ಲ ಎಂದು ಅವಳಿಗೆ ಸಿಟ್ಟು ಬಂತು.

ಸೋಮವಾರ ಬಾಗಿಲಲ್ಲಿ ಅವನೇ. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಇಟ್ಟು ಮುಚ್ಚಳ ತೆಗೆಯಹೋದಾಗ, ಒಳಗಿದ್ದ ತಗಡಿನ ಬಿಲ್ಲೆಗಳು ಕಟಕಟ ಎಂದು, ಚಳಿಗೆ ಹಲ್ಲು ಕಡಿದ ಹಾಗೆ ಸದ್ದು ಮಾಡಿದವು. ಡಬ್ಬಿ ಅಲ್ಲಾಡುತ್ತಿರಲಿಲ್ಲ. ಅಲ್ಲಾಡುತ್ತಿದ್ದದ್ದು ಕೈ. ನೋಲಾ ಮುಚ್ಚಳವನ್ನು ತಾನೇ ತೆಗೆದಳು.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ. ಡಾಕ್ಟರು ಇದಕ್ಕೆ ಯಾರದೋ ಹೆಸರು ಹೇಳ್ತಾರೆ. ನಡುಕ ನಂದು, ಹೆಸರು ಮಾತ್ರ ಅವನದು."

ವಿಷಯ ಇಷ್ಟೇ ಇತ್ತು. ಮೀಟರಿನ ಒಳಗಿನ ಕೆಲಸವನ್ನು ಅವನು ಮೇಜಿನ ಇಕ್ಕಳಕ್ಕೆ ಕಚ್ಚಿಸಿ, ಹಲಗೆಗೆ ಮೊಣಕೈ ಕಟ್ಟಿಕೊಂಡು, ಹೇಗೋ ಮುಗಿಸಿದ್ದ. ಮೀಟರಿನ ಬಿಲ್ಲೆಯ ಮೇಲೆ ಗೆರೆ, ಅಂಕಿ ಬರೆಯುವುದು ಮಾತ್ರ ಆಗುತ್ತಿರಲಿಲ್ಲ. ಡಡ್ಲಿಗೆ ಇದು ತಿಳಿದರೆ ಅಡಿಲೇಡಿನ ಪರದೆ ನಾಳೆಯೇ ಬರುತ್ತದೆ, ತನ್ನ ಮೀಟರು ಮೂಲೆಗೆ ಹೋಗುತ್ತವೆ, ತನ್ನನ್ನೂ ಶೆಡ್ಡಿನ ಮೂಲೆಯಲ್ಲಿ ಕೂರಿಸಿ ಭುಜ ತಟ್ಟಲು ಶುರುಮಾಡುತ್ತಾರೆ ಎಂದ. ಭುಜ ತಟ್ಟುವ ಮಾತನ್ನು ಮಾತ್ರ ಅವನು ಎರಡು ಸಲ ಹೇಳಿದ. ಅವಳು ಬರೆಯಬೇಕು, ಊರಿಗೆ ಅವನು ಬರೆದದ್ದು ಎಂದೇ ಆಗಬೇಕು.

ನೋಲಾ ಒಂದು ಷರತ್ತು ಹಾಕಿದಳು. ಬೆನ್ನ ಹಿಂದೆ ನಿಂತು ಕತ್ತಿನ ಮೇಲೆ ಉಸಿರು ಬಿಡಬಾರದು. ಎರ್ನ್ ಮೂವತ್ತೆಂಟು ವರ್ಷ ಅದನ್ನೇ ಮಾಡಿದ್ದ.

ಮೀಟರುಗಳು ಮೂರೇ: ಇಂಜಿನ್ನಿನ ಸುತ್ತು, ಆಯಿಲ್ಲಿನ ಒತ್ತಡ, ನೀರಿನ ಬಿಸಿ. ವೇಗದ ಮೀಟರು ಇರಲಿಲ್ಲ. ಇದರ ಮೇಲೆ ಶೆಡ್ಡಿನಲ್ಲಿ ಎರಡು ಮೀಟಿಂಗು ಆಗಿಹೋಗಿದ್ದವು. ವೇಗ ಅಳೆಯಲು ಕೆರೆಯ ಮೇಲೆ ಗಡಿಯಾರ ಹಿಡಿದವರು ಇರುತ್ತಾರೆ, ಓಡಿಸುವವಳು ಅದನ್ನು ನೋಡಿಕೊಂಡು ಕೂತರೆ ಒಂದು ಮೈಲಿಯೂ ಹೆಚ್ಚಾಗುವುದಿಲ್ಲ ಎಂದು ಕ್ಲೆಮ್ ಹೇಳಿ ಎದ್ದುಹೋಗಿದ್ದ. ಓಡಿಸುವವಳು ಶಾಲಾ ಬಸ್ಸಿನ ಶೋನಾ. ವಯಸ್ಸು ಐವತ್ತೆಂಟು, ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮಕ್ಕಳ ಕಿರುಚಾಟದ ನಡುವೆ ರಸ್ತೆಯಿಂದ ಕಣ್ಣು ತೆಗೆಯದೆ ಓಡಿಸಿದ್ದಳು. ಅದಕ್ಕಿಂತ ಹೆಚ್ಚಿನ ಅರ್ಹತೆ ಯಾರಿಗೂ ಇರಲಿಲ್ಲ.

ಓಟದ ಕುಲುಕಾಟದಲ್ಲಿ ಮೀಟರು ಎಷ್ಟು ಕಾಣುತ್ತದೆಂದು ತಿಳಿಯಲು ಆ ಶೋನಾಳನ್ನು ಕ್ಲೆಮ್ ಒಂದು ಹಳೆಯ ಸ್ನಾನದ ತೊಟ್ಟಿಯಲ್ಲಿ ಮಲಗಿಸಿದ್ದ. ತಲೆಗೆ ಹೆಲ್ಮೆಟ್ಟು. ತೊಟ್ಟಿಯನ್ನು ಟ್ರೇಲರಿಗೆ ಕಟ್ಟಿ, ಗೋಧಿ ಕೊಯ್ದ ಕೂಳೆ ಹೊಲದಲ್ಲಿ ಟ್ರ್ಯಾಕ್ಟರಿನಿಂದ ಎಳೆಸಿ, ಮುಂದೆ ಬೇರೆಬೇರೆ ಅಂಕಿ ಬರೆದ ರಟ್ಟುಗಳನ್ನು ಸಿಕ್ಕಿಸಿದ್ದ. ಏನು ಕಾಣಿಸಿತು ಎಂದು ಕೇಳಿದರೆ, ನನ್ನ ಅಜ್ಜಿ ಕಾಣಿಸಿದಳು, ಸ್ವರ್ಗದಿಂದ ಕೈ ಬೀಸುತ್ತಿದ್ದಳು ಎಂದಿದ್ದಳು ಶೋನಾ. ಅಂಕಿ ಒಂದೂ ಕಂಡಿರಲಿಲ್ಲ. ಕಂಡದ್ದು ಮುಳ್ಳು ಯಾವ ಕಡೆ ತಿರುಗಿದೆ ಎಂಬುದು ಮಾತ್ರ. ಕ್ಲೆಮ್‌ಗೆ ಅಷ್ಟು ಸಾಕಾಯಿತು. ಎಲ್ಲ ಸರಿಯಿದ್ದಾಗ ಮೂರು ಮುಳ್ಳೂ ನೆಟ್ಟಗೆ ಆಕಾಶ ನೋಡುತ್ತಿರಬೇಕು. ಒಂದು ವಾಲಿದರೂ ಪೆಡಲಿನಿಂದ ಕಾಲು ತೆಗಿ ಎಂದು ಅವಳಿಗೆ ಹೇಳಿಕೊಟ್ಟ. ಆಯಿಲ್ಲು ಎಷ್ಟಿದ್ದರೆ ಸರಿ ಎಂಬ ಬಗ್ಗೆ ಇಂಜಿನ್ನು ಕಟ್ಟಿದವನು ವಾರಕ್ಕೊಂದು ಲೆಕ್ಕ ಹೇಳುತ್ತಿದ್ದ. ಪ್ರತಿ ಸಲ ಹೊಸದಾಗಿ ಬರೆಯುವ ಬದಲು, ಮಾಮೂಲಿ ಅಂಕಿ ಬರೆದ ಮೀಟರನ್ನು ಇಡಿಯಾಗಿ ತಿರುಗಿಸಿ, ಸರಿಯಾದ ಗೆರೆಯನ್ನು ನೆತ್ತಿಗೆ ತಂದು ಬಿಗಿದರಾಯಿತು. ಅಂಕಿಗಳು ಕುಡುಕರ ಹಾಗೆ ಓರೆಯಾಗಿ ನಿಲ್ಲುತ್ತವೆ, ನಿಲ್ಲಲಿ. ಇದನ್ನು ಅವನು ಶೋನಾಳಿಗೆ ಹೇಳಿದ್ದ, ನೋಲಾಳಿಗೆ ಹೇಳಿದ್ದ. ಶೆಡ್ಡಿನವರಿಗೆ ಹೇಳಿರಲಿಲ್ಲ. ಅವರಿಗೆ ಹೇಳಿದರೆ ಮತ್ತೊಂದು ಮೀಟಿಂಗು.

ಮೂರು ವಾರ ಅವಳು ಬರೆದಳು. ಸುತ್ತುಗೆರೆಗೆ ಅವನು ಕೈವಾರ ತಂದಿದ್ದ. ಅವಳು ಅದನ್ನು ಬದಿಗೆ ಸರಿಸಿ, ಕೇಕು ತಿರುಗಿಸುವ ಮಣೆಯ ಮೇಲೆ ಬಿಲ್ಲೆಯನ್ನಿಟ್ಟು, ಕುಂಚ ಹಿಡಿದ ಕೈಯನ್ನು ಕದಲಿಸದೆ ಮಣೆಯನ್ನೇ ಒಂದು ಸುತ್ತು ತಿರುಗಿಸಿದಳು. ಗೆರೆ ಬಿತ್ತು, ಕೂದಲೆಳೆಯಷ್ಟು. ಕ್ಲೆಮ್ ಬಗ್ಗಿ ನೋಡಿದ. ನಲವತ್ತು ವರ್ಷ ತಾನು ಕೈಯನ್ನೇ ತಿರುಗಿಸಿದೆ, ಒಬ್ಬನಾದರೂ ಹೇಳಬಾರದಿತ್ತೇ ಎಂದ. ಯಾರ ಹತ್ತಿರವಾದರೂ ಮಾತಾಡಿದ್ದರೆ ಹೇಳುತ್ತಿದ್ದರೇನೋ ಎಂದಳು ಅವಳು.

ಜಗಳ ಆದದ್ದು ಗೆರೆಗಳ ಅಂತರಕ್ಕೆ. ಅವನು ಸೈಕಲ್ ಪಂಪಿನಿಂದ ಮೀಟರಿಗೆ ಗಾಳಿ ಒತ್ತಿ, ಮುಳ್ಳು ನಿಂತ ಕಡೆಗೆಲ್ಲ ಅವಳಿಂದ ಚುಕ್ಕೆ ಇಡಿಸಿದ್ದ. ಚುಕ್ಕೆಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಬಿದ್ದಿದ್ದವು. ಅವಳು ಅಂದಗೇಡಿಯಾಗಿದೆಯೆಂದು ಸಮ ಮಾಡಿ ಬರೆದಿಟ್ಟಳು.

"ಅಳಿಸು."

"ಚೆನ್ನಾಗಿದೆ ಕಣಯ್ಯ, ನೋಡು."

"ಚೆನ್ನಾಗಿದೆ, ಸುಳ್ಳು ಹೇಳುತ್ತೆ. ಕಟುಕನ ತಕ್ಕಡೀನೂ ಚೆನ್ನಾಗೇ ಇತ್ತು."

ಅಳಿಸಿ ಬರೆದಳು. ಶೆಡ್ಡಿಗೆ ಮೀಟರುಗಳು ಹೋದ ದಿನ ಗಂಡಸರೆಲ್ಲ ಕನ್ನಡಕ ಏರಿಸಿ ಇಳಿಸಿ ನೋಡಿದರು. ಎಂಬತ್ತರ ಹತ್ತಿರ, ಕೈ ನೋಡ್ರಯ್ಯ ಬಂಡೆ ಹಾಗಿದೆ ಎಂದ ಡಡ್ಲಿ. ಬಂಡೆ ಜೇಬಿನಲ್ಲಿತ್ತು. ಚಹಾ ಕೊಡಲು ಬಂದಿದ್ದ ನೋಲಾ ಲೋಟಗಳನ್ನು ಎರಡನೆಯ ಸಲ ಎಣಿಸಿದಳು; ಎಪ್ಪತ್ತಮೂರು ವರ್ಷದಲ್ಲಿ ಅವಳು ಬರೆದದ್ದೆಲ್ಲ ಅದೇ ಸಂಜೆ ಯಾರದೋ ಹೊಟ್ಟೆ ಸೇರಿತ್ತು, ಉಳಿಯುವಂಥದು ಇದೊಂದೇ. ಆದರೆ ಮಾತು ಕೊಟ್ಟಾಗಿತ್ತು.

ಉಪ್ಪಿನ ಕೆರೆಗೆ ಒಂದೂವರೆ ದಿನದ ದಾರಿ. ನೋಲಾ ಅಡುಗೆಗೆಂದು ಹೋದಳು. ಅಲ್ಲಿಗೆ ಮುಟ್ಟಿದ ಎರಡನೆಯ ದಿನ ಬೆಳಿಗ್ಗೆ, ಬೇರೆ ಊರುಗಳ ಕಾರುಗಳ ನಂತರ, ಪಾಸ್ಟಿಯ ಸರದಿ ಬಂತು. ಬಿಳಿ ಬಯಲಿನಲ್ಲಿ ಅದು ನೊಣದಷ್ಟಾಗಿ, ಚುಕ್ಕೆಯಾಗಿ, ಅರ್ಧ ದಾರಿಯಲ್ಲಿ ಸದ್ದು ನಿಂತಿತು. ಎಲ್ಲರೂ ಗಾಡಿ ಹತ್ತಿ ಹೋಗಿ ನೋಡಿದರೆ ಶೋನಾ ಹೆಲ್ಮೆಟ್ಟು ಕಳಚಿ ಕೂತಿದ್ದಳು.

"ಮೂರೂ ಮಲಗಿದ್ವು ಕ್ಲೆಮ್. ಒಂದೂ ಎದ್ದು ನಿಲ್ಲಲಿಲ್ಲ. ಇಂಜಿನ್ ಸತ್ತೇಹೋಯ್ತು ಅಂದ್ಕೊಂಡೆ, ಕಾಲು ತೆಗೆದ್ಬಿಟ್ಟೆ."

ಇಂಜಿನ್ನು ಗಟ್ಟಿಮುಟ್ಟಾಗಿತ್ತು. ಕ್ಲೆಮ್ ಒಳಗೆ ಬಗ್ಗಿ ನೋಡಿದ. ಮೀಟರಿನ ಅಂಕಿಗಳೆಲ್ಲ ಭಾನುವಾರದ ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ಕೂತಿದ್ದವು. ಯಾರು ಮುಟ್ಟಿದ್ದು ಎಂದು ಕೇಳಿದ.

ಡಡ್ಲಿಯ ಮುಖ ಬೀಟ್ರೂಟಾಯಿತು. ಹೊರಡುವ ಹಿಂದಿನ ದಿನ ಶೆಡ್ಡಿನಲ್ಲಿ, ಹಲಗೆ ಇನ್ನೂ ಮೇಜಿನ ಮೇಲಿದ್ದಾಗ, ಅಂಕಿಗಳು ಓರೆಯಾಗಿರುವುದು ಅವನ ಕಣ್ಣಿಗೆ ಬಿದ್ದಿತ್ತು. ಮೂರನ್ನೂ ಕಾಲು ಸುತ್ತು ತಿರುಗಿಸಿ ಬಿಗಿದು, ಕ್ಲೆಮ್‌ಗೆ ಅವಮಾನವಾಗಬಾರದೆಂದು ಯಾರಿಗೂ ಹೇಳದೆ ಇದ್ದ.

"ವಯಸ್ಸಾಯ್ತಲ್ಲ, ಕೈ ತಪ್ಪಿರ್ಬೇಕು ಅಂದ್ಕೊಂಡೆ ಮಾರಾಯ," ಎಂದ.

ಗಾಳಿ ಏಳುತ್ತಿತ್ತು. ಇನ್ನು ಮುಕ್ಕಾಲು ಗಂಟೆಯಲ್ಲಿ ಓಟ ನಿಲ್ಲಿಸುತ್ತೇವೆಂದು ಬಾವುಟದವನು ಹೇಳಿಹೋದ. ಮತ್ತೆ ಮುಂದಿನ ವರ್ಷವೇ. ಮೀಟರುಗಳನ್ನು ಕಾರಿನಲ್ಲಿದ್ದ ಹಾಗೆಯೇ ತಿರುಗಿಸಬೇಕಿತ್ತು, ಹಲಗೆಯ ಹಿಂದಿನ ಒಂದು ಗೇಣು ಸಂದಿಯಲ್ಲಿ ಕೈ ತೂರಿಸಿ. ಒಂದೊಂದಕ್ಕೂ ಮೂರು ಸ್ಕ್ರೂ, ಅಕ್ಕಿಕಾಳಿನಷ್ಟು. ಒಂದು ಜಾರಿ ಒಳಗೆ ಬಿದ್ದರೆ, ಪೆಡಲಿನ ಅಡಿಗೆ ಸಿಕ್ಕೀತೆಂದು, ಅದು ಸಿಗುವ ತನಕ ಕಾರನ್ನು ಬಿಡುವ ಹಾಗಿರಲಿಲ್ಲ.

ಎಲ್ಲರೂ ಹಿಂದೆ ಸರಿದು ಕ್ಲೆಮ್‌ಗೆ ಜಾಗ ಮಾಡಿದರು. ಡಡ್ಲಿ ಸ್ಕ್ರೂಡ್ರೈವರನ್ನು ಹಿಡಿ ಮುಂದಾಗಿ, ಕ್ಷಮೆ ಕೇಳುವವನ ಹಾಗೆ ಚಾಚಿದ. ಕ್ಲೆಮ್ ನೋಲಾಳ ಕಡೆ ನೋಡಿದ. ಸಂದಿಗೆ ಹಿಡಿಸುವ ಸಣ್ಣ ಕೈ ಬೇಕು, ಅಡುಗೆಯವಳನ್ನು ಕರೆಯಿರಿ ಎಂದಿದ್ದರೆ ಸಾಕಿತ್ತು. ಎಲ್ಲರೂ ನಂಬುತ್ತಿದ್ದರು. ಅವನು ಹಾಗೆ ಹೇಳುತ್ತಾನೆಂದೇ ಅವಳು ಮುಂಗೈ ಒರೆಸಿಕೊಂಡು ಸಿದ್ಧಳಾಗಿದ್ದಳು.

ಅವನು ಎರಡೂ ಕೈಯನ್ನು ಜೇಬಿನಿಂದ ತೆಗೆದು ಮುಂದೆ ಹಿಡಿದ. ಆ ಬಿಳಿ ಬೆಳಕಿನಲ್ಲಿ ಅವು ಬಲೆಗೆ ಬಿದ್ದ ಮೀನಿನ ಹಾಗೆ ಹೊಡೆದುಕೊಳ್ಳುತ್ತಿದ್ದವು.

"ಕೈ ತಪ್ಪಿಲ್ಲ ಡಡ್ಲಿ, ಕೈಯೇ ಇಲ್ಲ. ಆ ಅಂಕಿ ಒಂದೂ ನಾನು ಬರ್ದಿದ್ದಲ್ಲ. ಲೆಕ್ಕ ನಂದು, ಬರವಣಿಗೆ ಇವಳದು. ನಾನು ಸುಳ್ಳು ಹೇಳ್ದೆ. ನೋಲಾ, ಬಾರಮ್ಮ."

ಯಾರೂ ಅವನ ಭುಜ ತಟ್ಟಲಿಲ್ಲ. ತಟ್ಟಲು ಒಬ್ಬ ಕೈಯೆತ್ತಿದ್ದ, ಅವನ ಮುಖ ನೋಡಿ ಇಳಿಸಿದ. ನೋಲಾ ಎಪ್ರನ್ನಿನಲ್ಲೇ ಕಾರಿನೊಳಗೆ ಇಳಿದಳು. ಹಿಂಭಾಗ ಹಿಡಿಸುವುದಕ್ಕೆ ಶೋನಾ ಒಂದು ಸಲ ನೂಕಬೇಕಾಯಿತು. ಕ್ಲೆಮ್ ಹೊರಗಿನಿಂದ ಗೆರೆ ನೋಡಿ, ತುಸು ಎಡಕ್ಕೆ, ಇನ್ನೊಂದು ಕೂದಲು ಬಲಕ್ಕೆ ಎನ್ನುತ್ತ ಹೋದ. ಒಂಬತ್ತು ಸ್ಕ್ರೂನಲ್ಲಿ ಒಂದೂ ಬೀಳಲಿಲ್ಲ.

ಗಾಳಿಗೆ ಓಟ ನಿಲ್ಲಿಸುವ ಮೊದಲು ಹೊರಟ ಕೊನೆಯ ಕಾರು ಪಾಸ್ಟಿ. ಮೂರೂ ಎದ್ದು ನಿಂತವು, ಚರ್ಚಿನಲ್ಲಿ ಹಾಡಿಗೆ ಎದ್ದ ಹಾಗೆ ಎಂದಳು ಶೋನಾ ವಾಪಸು ಬಂದು. ಗಂಟೆಗೆ ನೂರ ನಲವತ್ತೊಂದು ಮೈಲಿ. ತಮ್ಮ ವರ್ಗದಲ್ಲಿ ಎರಡನೆಯ ಸ್ಥಾನ. ವರ್ಗದಲ್ಲಿ ಇದ್ದದ್ದು ಎರಡೇ ಕಾರು.

ಅದಾದ ಮೇಲೆ ಕ್ಲೆಮ್‌ನ ಕೈ ಜೇಬಿಗೆ ಹೋಗಲಿಲ್ಲ. ಶೆಡ್ಡಿನವರೂ ಮರ್ಯಾದೆ ಬಿಟ್ಟರು. ಬಣ್ಣದ ಡಬ್ಬಿ ಕಲಕಬೇಕಾದರೆ ಕ್ಲೆಮ್‌ಗೆ ಹಿಡಿಸಿ ಎನ್ನುವರು. ಅವನು ಹಿಡಿಯುತ್ತಿದ್ದ; ನಿಮ್ಮ ತಲೆಗಿಂತ ನನ್ನ ಕೈಗೆ ಕೆಲಸ ಹೆಚ್ಚು ಎನ್ನುತ್ತಿದ್ದ. ಪರದೆಯ ಮಾತನ್ನು ಡಡ್ಲಿ ಮತ್ತೆ ಎತ್ತಲಿಲ್ಲ. ಮುಂದಿನ ವರ್ಷದ ಕಾರಿಗೆಂದು ಕ್ಲೆಮ್, ನೋಲಾ ಇಬ್ಬರೂ ನಾಲ್ಕು ಮೀಟರು ಮಾಡಿದರು, ನಾಲ್ಕಕ್ಕೂ ಜಗಳವಾಡಿಕೊಂಡು.

ಮರು ಚಳಿಗಾಲದಲ್ಲಿ ಅವನು ಊರ ಆಸ್ಪತ್ರೆಯ ಮುದುಕರ ಕೋಣೆಗೆ ಸೇರಿದ. ನಡುಕ ಗಂಟಲಿಗೂ ಇಳಿದಿತ್ತು. ಒಂದು ಗುರುವಾರ ಶೋನಾ ಪಾಸ್ಟಿಯನ್ನು ಟ್ರೇಲರಿನಲ್ಲಿ ಹೇರಿಕೊಂಡು ಬಂದು ಅವನ ಕಿಟಕಿಯ ಕೆಳಗೆ ನಿಲ್ಲಿಸುವುದು, ಶೆಡ್ಡಿನವರೆಲ್ಲ ಬರುವುದು ಎಂದಾಗಿತ್ತು. ನೋಲಾ ಮುಂಚೆಯೇ ಹೋಗಿದ್ದಳು. ನರ್ಸು ಗಡ್ಡ ಕೆರೆಯಲು ಬಿಸಿನೀರಿನ ಬಟ್ಟಲು, ಸೋಪು, ಬ್ಲೇಡು ತಂದಿಟ್ಟು ತೋಳು ಮಡಚಿಕೊಳ್ಳುತ್ತಿದ್ದಳು. ಅವನು ತಲೆಯಾಡಿಸಿ ಬೇಡವೆಂದ. ಈ ಹುಡುಗಿ ಒಂದು ಬೆಳಿಗ್ಗೆಗೆ ಇಪ್ಪತ್ತು ಮುಖ ಕೆರೆಯುತ್ತಾಳೆ, ಆಲೂಗಡ್ಡೆ ಸುಲಿದ ಹಾಗೆ ಎಂದು ತಡವರಿಸಿಕೊಂಡು ಹೇಳಿದ. ಆಮೇಲೆ ನೋಲಾಳ ಕಡೆ ತಿರುಗಿ ಗಲ್ಲ ಮೇಲೆತ್ತಿ ಕೊಟ್ಟ.

"ನೀನು ಮಾಡು. ಮಾತಾಡ್ತಾ ಮಾಡ್ಬೇಡ ಮತ್ತೆ. ಕತ್ತು ನಂದು."